ಹಕ್ಕಿ ಚಿತ್ರಕ್ಕೆ ಹಳೆಯ ದೊಡ್ಡ ಲೆನ್ಸ್: ಕೊಳ್ಳುವ ಮುನ್ನ ಕೆಲವು ಮಾತು

ಹಕ್ಕಿಗಳ ಛಾಯಾಚಿತ್ರಣವು ಒಂದು ಕಾಲಕ್ಕೆ ಕನ್ನಡ ನಾಡಿನಲ್ಲಿ ಬೆರಳೆಣಿಕೆಯಷ್ಟು ಜನರ ಹವ್ಯಾಸವಾಗಿತ್ತು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮತ್ತು ಇ. ಹನುಮಂತರಾವ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಮೊದಲಾದವರು ಫಿಲ್ಮ್ ಕ್ಯಾಮೆರಾಗಳ ದಿನಗಳಲ್ಲಿ ಕೈಕೊಂಡ ಈ ಕೆಲಸಕ್ಕೆ ಅಪಾರ ತಾಳ್ಮೆ ಬೇಕಾಗಿತ್ತು. 36 ಚಿತ್ರಗಳ ರೀಲು ಮುಗಿದರೆ ಮುಗಿಯಿತು. ಚಿತ್ರ ಹೇಗೆ ಬಂದಿದೆ ಎಂಬುದು ರೀಲನ್ನು ತೊಳೆಸಿದ ಮೇಲೆಯೇ ತಿಳಿಯುತ್ತಿತ್ತು. ಇಂದು ಕಾಲ ಬದಲಾಗಿದೆ. ಶಾಲಾ ಶಿಕ್ಷಕರು, ಬ್ಯಾಂಕಿನ ನೌಕರರು, ಒಕ್ಕಲುತನದ ಮನೆಯ ತರುಣ ತರುಣಿಯರು ಭಾನುವಾರ ಬೆಳಗಾದರೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕೆರೆಯ ದಂಡೆಗೆ ಹೊರಡುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ.

ಆದರೆ ಕ್ಯಾಮೆರಾ ಕೊಂಡು ಒಂದು ವರ್ಷ ತುಂಬುವಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಮಾತು ಏಳುತ್ತದೆ. ಕ್ಯಾಮೆರಾದೊಡನೆ ಬಂದ ಚಿಕ್ಕ ಲೆನ್ಸಿನಲ್ಲಿ ಹಕ್ಕಿಯು ಸಾಸಿವೆ ಕಾಳಿನಷ್ಟೇ ಕಾಣುತ್ತದೆ. ದೊಡ್ಡ ಲೆನ್ಸ್ ಇಲ್ಲದೆ ಈ ಹವ್ಯಾಸ ಮುಂದೆ ಸಾಗದು ಎಂಬುದೇ ಆ ಮಾತು. ದೊಡ್ಡ ಲೆನ್ಸಿನ ಬೆಲೆಯನ್ನು ಕೇಳಿದ ಹಿರಿಯರು ಒಂದು ಕ್ಷಣ ಮೌನವಾಗುತ್ತಾರೆ. 600 ಮಿ.ಮೀ. ಎಫ್ 4 ಅಳತೆಯ ಹೊಸ ಲೆನ್ಸೊಂದಕ್ಕೆ ಹತ್ತು ಲಕ್ಷ ರೂಪಾಯಿಗೂ ಮಿಗಿಲು ಬೆಲೆಯಿದೆ. ಆಗ ಸಹಜವಾಗಿಯೇ ಗಮನವು ಯಾರಾದರೂ ಬಳಸಿ ಮಾರುತ್ತಿರುವ ಹಳೆಯ ಲೆನ್ಸಿನ ಕಡೆಗೆ ಹೊರಳುತ್ತದೆ. ಈ ಪ್ರಶ್ನೆ ನಮ್ಮ ಮನೆಯಲ್ಲಿಯೂ ಎದ್ದಿತ್ತು. ಕೆಲವು ತಿಂಗಳ ಕಾಲ ಬಲ್ಲವರನ್ನು ವಿಚಾರಿಸಿ, ನಾಲ್ಕಾರು ಲೆನ್ಸುಗಳನ್ನು ಕೈಯಲ್ಲಿ ಹಿಡಿದು ನೋಡಿ ನಾವು ತಿಳಿದುಕೊಂಡುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲು, ಈ ಲೆನ್ಸುಗಳು ಇಷ್ಟು ದೊಡ್ಡವೂ ದುಬಾರಿಯೂ ಆಗಿರುವುದೇಕೆ ಎಂಬುದನ್ನು ಅರಿಯಬೇಕು. 50 ಮಿ.ಮೀ. ಸಂಗಮದೂರದ ಸಾಮಾನ್ಯ ಲೆನ್ಸಿಗೆ ಹೋಲಿಸಿದರೆ 500 ಮಿ.ಮೀ. ಲೆನ್ಸ್ ಹಕ್ಕಿಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆಯಿಂದ ಸಂಗಮದೂರವನ್ನು ಭಾಗಿಸಿದರೆ ಬೆಳಕು ಒಳಬರುವ ಕಂಡಿಯ ಅಗಲ ದೊರೆಯುತ್ತದೆ. 500 ಮಿ.ಮೀ. ಎಫ್ 4 ಲೆನ್ಸಿಗೆ ಅದು 125 ಮಿ.ಮೀ.; 400 ಮಿ.ಮೀ. ಎಫ್ 5.6 ಲೆನ್ಸಿಗೆ ಸುಮಾರು 71 ಮಿ.ಮೀ. ಅಷ್ಟಗಲದ ಗಾಜನ್ನು ದೋಷವಿಲ್ಲದೆ ತಯಾರಿಸಿ, ಉಜ್ಜಿ, ಒಂದರ ಹಿಂದೊಂದು ಜೋಡಿಸುವುದು ಸುಲಭದ ಕೆಲಸವಲ್ಲ. ವೃತ್ತದ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಮೊದಲನೆಯದರ ಗಾಜು ಎರಡನೆಯದರ ಮೂರು ಪಟ್ಟು ಆಗುತ್ತದೆ. ವಿಚಿತ್ರವೆಂದರೆ ತೂಕವೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿದೆ. ಕ್ಯಾನನ್ ಸಂಸ್ಥೆಯು 1993ರಲ್ಲಿ ಹೊರತಂದ 400 ಮಿ.ಮೀ. ಎಫ್ 5.6 ಲೆನ್ಸ್ 1.25 ಕಿಲೋ ತೂಗಿದರೆ, ಅದೇ ಸಂಸ್ಥೆಯ 1999ರ 500 ಮಿ.ಮೀ. ಎಫ್ 4 ಲೆನ್ಸ್ 3.87 ಕಿಲೋ ತೂಗುತ್ತದೆ. ಮೂರು ಪಟ್ಟು ಭಾರ ಹೊತ್ತು, ಅದಕ್ಕೂ ಹೆಚ್ಚು ಪಟ್ಟು ಹಣ ತೆತ್ತು ಪಡೆಯುವುದೇನೆಂದರೆ ಇಮ್ಮಡಿ ಬೆಳಕು ಮತ್ತು ನೂರು ಮಿಲಿಮೀಟರು. ಮುಂಜಾವಿನ ಮಬ್ಬಿನಲ್ಲಿ, ಮಲೆನಾಡಿನ ಕಾಡಿನ ನೆರಳಿನಲ್ಲಿ ಆ ಇಮ್ಮಡಿ ಬೆಳಕಿಗೆ ಬೆಲೆ ಕಟ್ಟಲಾಗದು. ಬಯಲುಸೀಮೆಯ ಕೆರೆಯ ದಂಡೆಯಲ್ಲಿ ಎಳೆಬಿಸಿಲು ಬಿದ್ದ ಮೇಲೆ ಅದರ ಅಗತ್ಯ ಅಷ್ಟಾಗಿ ಕಾಣದು. ಆದ್ದರಿಂದ ತಾವು ಯಾವ ಹಕ್ಕಿಯನ್ನು, ಎಲ್ಲಿ, ಯಾವ ಹೊತ್ತಿನಲ್ಲಿ ಚಿತ್ರಿಸಬೇಕೆಂದಿದ್ದೇವೆ ಎಂಬುದನ್ನು ಕೊಳ್ಳುವವರು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಅಂಶವನ್ನೂ ಮರೆಯಬಾರದು. ಬಹುಪಾಲು ಹವ್ಯಾಸಿಗಳ ಕ್ಯಾಮೆರಾಗಳಲ್ಲಿ ಚಿತ್ರ ಮೂಡುವ ಫಲಕವು ಹಳೆಯ ಫಿಲ್ಮಿಗಿಂತ ಚಿಕ್ಕದು. ಅಂಥ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸಿನ ನೋಟವು ಕ್ಯಾನನ್ ಆದರೆ 640, ನಿಕಾನ್ ಆದರೆ 600 ಮಿ.ಮೀ.ಗೆ ಸಮನಾಗುತ್ತದೆ. ಚಿಕ್ಕ ಫಲಕದ ಕ್ಯಾಮೆರಾ ಈಗಾಗಲೇ ಕೈಯಲ್ಲಿರುವವರಿಗೆ ಅತಿ ಉದ್ದದ ಲೆನ್ಸಿನ ಆಸೆ ಅರ್ಧದಷ್ಟು ಅಲ್ಲಿಯೇ ಈಡೇರಿದಂತೆ.

ಹಳೆಯ ದೊಡ್ಡ ಲೆನ್ಸುಗಳು ಈಚಿನ ವರ್ಷಗಳಲ್ಲಿ ಇಷ್ಟೊಂದು ಸಂಖ್ಯೆಯಲ್ಲಿ ಮಾರಾಟಕ್ಕೆ ಬರುತ್ತಿರುವುದಕ್ಕೂ ಕಾರಣವುಂಟು. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡೂ ಸಂಸ್ಥೆಗಳು ಒಳಗೆ ಕನ್ನಡಿಯಿಲ್ಲದ, ಮಿರರ್‌ಲೆಸ್ ಎನ್ನುವ ಹೊಸ ಬಗೆಯ ದೊಡ್ಡ ಕ್ಯಾಮೆರಾಗಳನ್ನು ಹೊರತಂದವು. ಅವುಗಳ ಜೊತೆಗೆ ಲೆನ್ಸ್ ಜೋಡಿಸುವ ಬಾಯಿಯ ಅಳತೆಯೂ ಬದಲಾಯಿತು. ಅನುಕೂಲಸ್ಥರು ಹೊಸದಕ್ಕೆ ಹೋಗುತ್ತ ಹಳೆಯದನ್ನು ಮಾರತೊಡಗಿದರು. ಅಡಾಪ್ಟರ್ ಎಂಬ ಚಿಕ್ಕ ಬಳೆಯನ್ನು ನಡುವೆ ಜೋಡಿಸಿದರೆ ಹಳೆಯ ಲೆನ್ಸ್ ಹೊಸ ಕ್ಯಾಮೆರಾದಲ್ಲಿಯೂ ಕೆಲಸ ಮಾಡುತ್ತದೆ. ಆದರೆ ನಿಕಾನ್ ಕೊಳ್ಳುವವರು ಇಲ್ಲಿ ಎಚ್ಚರದಿಂದಿರಬೇಕು. ಫೋಕಸ್ ಮಾಡುವ ಮೋಟಾರು ಲೆನ್ಸಿನೊಳಗೇ ಇದ್ದರೆ ತೊಂದರೆಯಿಲ್ಲ. ಕ್ಯಾಮೆರಾದ ಮೋಟಾರನ್ನು ನಂಬಿದ್ದ ಇನ್ನೂ ಹಳೆಯ ಲೆನ್ಸುಗಳು ನಿಕಾನಿನ ಅಡಾಪ್ಟರಿನಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ. ಹಾರುವ ಹಕ್ಕಿಯ ಮುಂದೆ ಕೈಯಿಂದ ಬಳೆ ತಿರುಗಿಸುತ್ತ ಕುಳಿತರೆ ಹಕ್ಕಿ ಕಾಯುವುದಿಲ್ಲ. ಟ್ಯಾಮ್ರಾನ್, ಸಿಗ್ಮಾ ಸಂಸ್ಥೆಗಳ 150-600 ಮಿ.ಮೀ. ಲೆನ್ಸುಗಳು ಮಧ್ಯಮ ವರ್ಗದ ಹಕ್ಕಿಪ್ರಿಯರಿಗೆ ದೊಡ್ಡ ಉಪಕಾರ ಮಾಡಿವೆ ಎಂಬುದು ನಿಜ. ಅವುಗಳಲ್ಲಿ ಕೆಲವಕ್ಕೆ ಹೊಸ ಕ್ಯಾಮೆರಾದೊಡನೆ ಹೊಂದಿಕೊಳ್ಳಲು ಒಳಗಿನ ತಂತ್ರಾಂಶವನ್ನು ಹೊಸದಾಗಿಸಬೇಕಾಗುತ್ತದೆ. ನಿಕಾನಿನ 2015ರ 200-500 ಮಿ.ಮೀ. ಎಫ್ 5.6 ಲೆನ್ಸೂ ಇದೇ ವರ್ಗಕ್ಕೆ ಸೇರಿದ್ದು, ಸುಮಾರು 2.3 ಕಿಲೋ ತೂಗುತ್ತದೆ.

ಬೆಲೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಅತಿ ಹಳೆಯ ಲೆನ್ಸುಗಳತ್ತ ಕೈಚಾಚುವವರಿಗೆ ಒಂದು ಮಾತು ಹೇಳಲೇಬೇಕು. ಕ್ಯಾನನ್ ಸಂಸ್ಥೆಯ 1992ರ 500 ಮಿ.ಮೀ. ಎಫ್ 4.5 ಲೆನ್ಸ್ ಇಂದಿಗೂ ಸೊಗಸಾದ ಚಿತ್ರ ಕೊಡುತ್ತದೆ. ಆದರೆ ಅದರಲ್ಲಿ ಕೈಯಿಂದ ಬಳೆ ತಿರುಗಿಸಿದಾಗಲೂ ಒಳಗಿನ ಗಾಜನ್ನು ಸರಿಸುವುದು ಮೋಟಾರೇ. ಮೋಟಾರು ಕೆಟ್ಟರೆ ತಾನಾಗಿಯೂ ಫೋಕಸ್ ಆಗದು, ಕೈಯಿಂದಲೂ ಆಗದು. ತಯಾರಿಕೆ ನಿಂತು ವರ್ಷಗಳು ಕಳೆದ ಮೇಲೆ ಸಂಸ್ಥೆಗಳು ಬಿಡಿಭಾಗಗಳನ್ನು ಪೂರೈಸುವುದನ್ನೂ ನಿಲ್ಲಿಸುತ್ತವೆ. ಆಮೇಲೆ ಉಳಿಯುವುದು ಮನೆಯ ಕಪಾಟಿನಲ್ಲಿಡಲು ಒಂದು ಭಾರವಾದ ಬಿಳಿಯ ಕೊಳವೆ ಮಾತ್ರ. ಆದ್ದರಿಂದ ಯಾವುದೇ ಹಳೆಯ ಲೆನ್ಸನ್ನು ನೋಡಲು ಹೊರಡುವ ಮುನ್ನವೇ ಅದರ ಪೂರ್ಣ ಹೆಸರನ್ನು ಸಂಸ್ಥೆಯ ಅಧಿಕೃತ ದುರಸ್ತಿ ಕೇಂದ್ರಕ್ಕೆ ತಿಳಿಸಿ, ಇದಕ್ಕೆ ಮೋಟಾರು ಸಿಗುತ್ತದೆಯೇ ಎಂದು ವಿಚಾರಿಸಬೇಕು. ಒಂದು ದೂರವಾಣಿ ಕರೆಯಿಂದ ತಿಳಿಯುವ ಸಂಗತಿಯಿದು.

ಇನ್ನು ಪರೀಕ್ಷೆಯ ಮಾತು. ನಾವು ನೋಡಿದ ಲೆನ್ಸುಗಳಲ್ಲಿ ಒಂದು, ಹೊರಗಿನಿಂದ ಅಂಗಡಿಯಿಂದ ಆಗತಾನೆ ತಂದಂತೆ ಹೊಳೆಯುತ್ತಿತ್ತು. ಮಾಲೀಕರು ಅದನ್ನು ವರ್ಷಗಟ್ಟಲೆ ಚರ್ಮದ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಜೋಪಾನವಾಗಿಟ್ಟಿದ್ದರಂತೆ. ಹತ್ತು ಬಾರಿಯೂ ಹೊರಗೆ ಒಯ್ದಿಲ್ಲವೆಂದು ಹೆಮ್ಮೆಯಿಂದ ಹೇಳಿದರು. ಕೋಣೆಯ ದೀಪ ಆರಿಸಿ, ಚಿಕ್ಕ ಬ್ಯಾಟರಿಯ ಬೆಳಕನ್ನು ಹಿಂಬದಿಯಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿದಾಗ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ನವಿರಾದ ಎಳೆಗಳು ಹರಡಿರುವುದು ಕಂಡಿತು. ಅದೇ ಬೂಷ್ಟು. ಇನ್ನೊಂದು ಲೆನ್ಸು ಹತ್ತಾರು ಕೆರೆ ಸುತ್ತಿ ಬಂದುದು. ಬಣ್ಣ ಸವೆದಿತ್ತು, ಮುಂದಿನ ಹುಡ್ಡಿಗೆ ಒಂದೆರಡು ಕಡೆ ಪೆಟ್ಟು ಬಿದ್ದಿತ್ತು, ಆದರೆ ಒಳಗಿನ ಗಾಜು ತಿಳಿನೀರಿನಂತಿತ್ತು. ಗಾಳಿ ಬೆಳಕು ಕಾಣದೆ ಕತ್ತಲಲ್ಲಿ ನಾಲ್ಕಾರು ಮಳೆಗಾಲ ಕಳೆದ ಲೆನ್ಸಿಗಿಂತ, ವಾರಕ್ಕೊಮ್ಮೆ ಬಿಸಿಲು ಕಂಡು ದುಡಿದ ಲೆನ್ಸೇ ಹಲವು ಬಾರಿ ಆರೋಗ್ಯವಾಗಿರುತ್ತದೆ. ಮಾರುವವರು ಬರೆಯುವ ‘ಬಹಳ ಕಡಿಮೆ ಬಳಕೆ’ ಎಂಬ ಮಾತಿಗೆ ನಾವು ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಒಳಗೆ ನಾಲ್ಕು ಧೂಳಿನ ಕಣಗಳು ಕಂಡರೆ ಗಾಬರಿಯಾಗಬೇಕಿಲ್ಲ. ಚಿತ್ರದಲ್ಲಿ ಅವು ಕಾಣುವುದಿಲ್ಲ. ಮುಂಗಾಜಿನ ಮೇಲಿನ ಸಣ್ಣ ಗೀರಿನಿಂದಲೂ ದೊಡ್ಡ ಹಾನಿಯಿಲ್ಲ. ಕ್ಯಾಮೆರಾಕ್ಕೆ ಹತ್ತಿರವಿರುವ ಹಿಂಗಾಜಿನಲ್ಲಿ ಗೀರಿದ್ದರೆ ಮಾತ್ರ ಯೋಚಿಸಬೇಕು. ಬೂಷ್ಟು ಹಾಗಲ್ಲ. ಅದು ಗಾಜಿನ ಮೇಲಿನ ತೆಳು ಲೇಪವನ್ನು ತಿನ್ನುತ್ತದೆ; ಒರೆಸಿ ತೆಗೆದರೂ ಕಲೆ ಉಳಿಯಬಹುದು. ದೊಡ್ಡ ಲೆನ್ಸನ್ನು ಬಿಚ್ಚಿ ಶುದ್ಧಗೊಳಿಸಿ ಮರಳಿ ಕೂಡಿಸುವ ಖರ್ಚೂ ಕಡಿಮೆಯದಲ್ಲ. ಕೂಡುವ ಜಾಗದ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಒಮ್ಮೆ ಬಿಚ್ಚಿದ್ದಾರೆಂದು ಅರ್ಥ, ಏಕೆಂದು ಕೇಳಬೇಕು. ಮೋಟಾರು ಓಡುವಾಗ ಕಿವಿಗೊಟ್ಟು ಆಲಿಸಬೇಕು. ಮೆಲ್ಲನೆಯ ಸದ್ದು ಸಹಜ. ಕಿರಗುಟ್ಟಿದರೆ, ಹತ್ತಿರದಿಂದ ದೂರಕ್ಕೆ ಹೋಗುವಾಗ ನಡುವೆ ತಡೆದು ನಿಂತರೆ ಅಲ್ಲಿಯೇ ಕೈಮುಗಿದು ಎದ್ದು ಬರುವುದು ಲೇಸು. ಕೈನಡುಕವನ್ನು ಸರಿದೂಗಿಸುವ ಸೌಲಭ್ಯವಿದ್ದರೆ ಅದನ್ನು ಚಾಲೂ ಮಾಡಿ, ಕಂಡಿಯಲ್ಲಿ ನೋಟವು ನೆಲೆನಿಲ್ಲುವುದೇ ಅಥವಾ ಕುಣಿಯುವುದೇ ಎಂದು ನೋಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಚಿತ್ರ ತೆಗೆದು ನೋಡುವುದು. ತಮ್ಮದೇ ಕ್ಯಾಮೆರಾವನ್ನು ಒಯ್ದು, ಟ್ರೈಪಾಡಿನ ಮೇಲೆ ನಿಲ್ಲಿಸಿ, ಗೋಡೆಗೆ ಅಂಟಿಸಿದ ವೃತ್ತಪತ್ರಿಕೆಯ ಹಾಳೆಯನ್ನು ಲೆನ್ಸಿನ ಕಂಡಿ ಪೂರ್ತಿ ತೆರೆದಿಟ್ಟು ಹತ್ತು ಬಾರಿ ಚಿತ್ರಿಸಬೇಕು. ಪ್ರತಿ ಬಾರಿಯೂ ಫೋಕಸನ್ನು ಕೆಡಿಸಿ ಹೊಸದಾಗಿ ಹಿಡಿಯಲು ಬಿಡಬೇಕು. ಹತ್ತರಲ್ಲಿ ಒಂಬತ್ತು ಅಕ್ಷರಗಳು ಚೂಪಾಗಿ ಮೂಡಿದರೆ ಒಳ್ಳೆಯದು. ಎಡಬದಿ ಸ್ಪಷ್ಟವಾಗಿದ್ದು ಬಲಬದಿ ಮಸುಕಾಗಿದ್ದರೆ ಹಾಳೆಗೆ ನೇರವಾಗಿ ನಿಂತಿದ್ದೇವೆಯೇ ಎಂದು ಖಚಿತಪಡಿಸಿಕೊಂಡು ಮತ್ತೊಮ್ಮೆ ತೆಗೆಯಬೇಕು. ಮತ್ತೂ ಹಾಗೆಯೇ ಬಂದರೆ ಎಂದೋ ಬಿದ್ದು ಒಳಗಿನ ಗಾಜು ಸರಿದಿದೆ ಎಂದು ತಿಳಿಯಬೇಕು. ಕನ್ನಡಿಯಿರುವ ಹಳೆಯ ಕ್ಯಾಮೆರಾದಲ್ಲಿ ಎಲ್ಲ ಚಿತ್ರಗಳೂ ಒಂದೇ ರೀತಿ ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಫೋಕಸ್ ಆಗುತ್ತಿದ್ದರೆ ಅದು ಲೆನ್ಸಿನ ದೋಷವೆಂದೇ ಹೇಳಲಾಗದು; ಹಲವು ಕ್ಯಾಮೆರಾಗಳಲ್ಲಿ ಅದನ್ನು ಸರಿಪಡಿಸಿಕೊಳ್ಳುವ ಅವಕಾಶವಿದೆ. ಕ್ಯಾಮೆರಾದ ಚಿಕ್ಕ ಪರದೆಯನ್ನು ನೋಡಿ ತೀರ್ಮಾನಿಸದೆ ಚಿತ್ರಗಳನ್ನು ಮನೆಗೆ ತಂದು ಗಣಕದಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ, ಮರುದಿನ ಉತ್ತರ ಹೇಳಬೇಕು. ಒಂದು ದಿನದ ಅವಕಾಶವನ್ನೂ ಕೊಡದೆ ಅವಸರಪಡಿಸುವವರ ಬಳಿ ವ್ಯವಹಾರವೇ ಬೇಡ.

ಕಾಗದಪತ್ರದ ವಿಷಯದಲ್ಲಿ ಸಂಕೋಚ ಸಲ್ಲದು. ಲೆನ್ಸಿನ ಮೇಲಿನ ಕ್ರಮಸಂಖ್ಯೆಯೂ ಮೂಲ ರಸೀದಿಯ ಸಂಖ್ಯೆಯೂ ಒಂದೇ ಆಗಿರಬೇಕು. ವಿದೇಶದಿಂದ ಬಂಧುಗಳು ತಂದುಕೊಟ್ಟದ್ದು, ರಸೀದಿ ಕಳೆದಿದೆ ಎನ್ನುವ ಮಾತು ನಿಜವೇ ಇರಬಹುದು. ಆದರೆ ಕಳವಿನ ಮಾಲಿಗೂ ಅದೇ ಮಾತು ಒಪ್ಪುತ್ತದೆ. ಮಾರುವವರ ಹೆಸರು, ವಿಳಾಸ, ಸಹಿಯಿರುವ ಒಂದು ಪತ್ರ ಬರೆಸಿಕೊಂಡು, ಹಣವನ್ನು ಬ್ಯಾಂಕಿನ ಮೂಲಕವೇ ಕೊಡತಕ್ಕದ್ದು. ಲೆನ್ಸನ್ನು ಕಣ್ಣಾರೆ ನೋಡದೆ ಅಪರಿಚಿತರಿಗೆ ಮುಂಗಡ ಕಳುಹಿಸುವುದು ಸರ್ವಥಾ ಕೂಡದು.

ನಮ್ಮ ಮನೆಯ ವಿಚಾರಕ್ಕೆ ಬಂದರೆ, 500 ಮಿ.ಮೀ. ಎಫ್ 4 ಲೆನ್ಸೊಂದು ಒಳ್ಳೆಯ ಸ್ಥಿತಿಯಲ್ಲಿಯೇ ಸಿಗುವಂತಿತ್ತು. ಕೂಡಿಟ್ಟ ಹಣಕ್ಕೆ ಇನ್ನಷ್ಟು ಸೇರಿಸಿದರೆ ಆಗುತ್ತಿತ್ತು. ಲೆಕ್ಕ ಬರೆದ ಹಾಳೆಯನ್ನು ನಮ್ಮ ಮನೆಯವರ ಮುಂದಿಟ್ಟೆವು. ಅವರು ಬೆಲೆಯ ಮಾತನ್ನೇ ಎತ್ತಲಿಲ್ಲ. “ಇಷ್ಟು ಭಾರದ್ದನ್ನ ಹೊತ್ಕೊಂಡು ಕೆರಿ ದಂಡಿಗೆ ಹೋಗೋರು ಯಾರ್ರೀ? ಮೊದಲ ನಾಕು ಕಿಲೋ ಜ್ವಾಳ ಚೀಲಕ್ಕ ಹಾಕಿ ಕೊಡ್ತೀನಿ, ಹೆಗಲಿಗೆ ಹಾಕ್ಕೊಂಡು ಒಂದು ತಾಸು ಹೊಲದಾಗ ಅಡ್ಡಾಡಿ ಬರ್ರಿ” ಎಂದರು. ನಾವು ಹಾಗೆಯೇ ಮಾಡಿದೆವು. ಒಂದು ತಾಸು ಆಗುವ ಮುನ್ನವೇ ಚೀಲ ಒಂದು ಹೆಗಲಿನಿಂದ ಇನ್ನೊಂದಕ್ಕೆ ಹತ್ತಾರು ಬಾರಿ ಬದಲಾಯಿತು. ಅದರ ಮೇಲೆ ಟ್ರೈಪಾಡಿನ ಭಾರ ಬೇರೆ. ಕೊನೆಗೆ ನಾವು ಕೊಂಡದ್ದು 400 ಮಿ.ಮೀ. ಎಫ್ 5.6 ಅಳತೆಯ, ಬಣ್ಣ ಸವೆದ, ಗಾಜು ತಿಳಿಯಾದ ಲೆನ್ಸನ್ನೇ. ಅದರಲ್ಲಿ ಕೈನಡುಕ ತಡೆಯುವ ಸೌಲಭ್ಯವಿಲ್ಲ. ಆದ್ದರಿಂದ ಬೆಳಕು ಕಡಿಮೆಯಾದೊಡನೆ ಚೀಲಕ್ಕೆ ಹಾಕಬೇಕಾಗುತ್ತದೆ. ಹಾರುವ ಹಕ್ಕಿಗೆ ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ವೇಗವಿಡುವುದರಿಂದ ಅಲ್ಲಿ ಆ ಸೌಲಭ್ಯದ ಕೊರತೆ ತೋರುವುದಿಲ್ಲ.

ದೊಡ್ಡ ಲೆನ್ಸ್ ಕೊಳ್ಳುವವರು ಬರೀ ಲೆನ್ಸಿನ ಬೆಲೆಯನ್ನು ಲೆಕ್ಕ ಹಿಡಿದರೆ ಸಾಲದು. ಅದನ್ನು ತಾಳುವ ಗಟ್ಟಿ ಟ್ರೈಪಾಡು, ಅದರ ಮೇಲೆ ಸಲೀಸಾಗಿ ತಿರುಗುವ ಗಿಂಬಲ್ ತಲೆ, ಚೀಲ, ಬೇಕಾದಲ್ಲಿ ಅಡಾಪ್ಟರ್, ತೇವವಿಲ್ಲದ ಪೆಟ್ಟಿಗೆ ಇವೆಲ್ಲ ಸೇರಿದಾಗಲೇ ಪೂರ್ಣ ಮೊತ್ತ. ಈ ಮೊತ್ತಕ್ಕಾಗಿ ಮನೆಯ ಬಂಗಾರ ಒತ್ತೆಯಿಡುವುದನ್ನಾಗಲಿ ಮಕ್ಕಳ ಓದಿಗೆ ಇಟ್ಟ ಹಣ ತೆಗೆಯುವುದನ್ನಾಗಲಿ ನಾವು ಒಪ್ಪೆವು. ಹವ್ಯಾಸವು ಒಂದು ವರ್ಷ ತಡವಾದರೆ ಹಕ್ಕಿಗಳೇನೂ ಮುನಿಸಿಕೊಳ್ಳವು. ಹಳೆಯ ಲೆನ್ಸಿನಲ್ಲಿ ಒಂದು ಅನುಕೂಲವೂ ಉಂಟು: ಹೊಸದು ಅಂಗಡಿಯ ಹೊಸ್ತಿಲು ದಾಟಿದೊಡನೆ ಬೆಲೆ ಕಳೆದುಕೊಳ್ಳುತ್ತದೆ, ಆ ನಷ್ಟವನ್ನು ಮೊದಲ ಮಾಲೀಕರು ಆಗಲೇ ಹೊತ್ತಿರುತ್ತಾರೆ. ಜೋಪಾನವಾಗಿ ಬಳಸಿದರೆ ನಾಲ್ಕು ವರ್ಷದ ನಂತರ ಮಾರಿದಾಗಲೂ ಕೊಟ್ಟ ಹಣದ ಬಹುಭಾಗ ಕೈಸೇರುವ ಸಂಭವವಿದೆ.

ಎಷ್ಟು ಉದ್ದದ ಲೆನ್ಸ್ ಬೇಕೆಂಬುದನ್ನು ನಮ್ಮ ನಾಡಿನ ಹಕ್ಕಿತಾಣಗಳೇ ಹೇಳುತ್ತವೆ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿಯು ನಡುಗಡ್ಡೆಗಳ ಸಮೀಪಕ್ಕೇ ಒಯ್ಯುತ್ತದೆ. ಅಲ್ಲಿ 300 ಮಿ.ಮೀ. ಧಾರಾಳವಾಯಿತು, ಅಲುಗುವ ದೋಣಿಯಲ್ಲಿ ಭಾರದ ಲೆನ್ಸ್ ತೊಡಕೇ ಸರಿ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಸ್ಥಿತಿ ಬೇರೆ. 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಪಡೆದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇದು ಬಂದು ನೀರಿನಲ್ಲಿ ದಡದಿಂದ ದೂರ ವಿಶ್ರಮಿಸುತ್ತವೆ. ಇಲ್ಲಿ 600 ಮಿ.ಮೀ. ಇದ್ದರೂ ಇನ್ನೂ ಸ್ವಲ್ಪ ಮುಂದೆ ಹೋಗಬೇಕೆನಿಸುತ್ತದೆ.

ಹಾಗೆ ಮುಂದೆ ಹೋಗುವುದೇ ತಪ್ಪು. ಉದ್ದದ ಲೆನ್ಸ್ ಇರುವುದು ದೂರ ನಿಂತು ಚಿತ್ರಿಸುವುದಕ್ಕಾಗಿ. ಆದರೆ ಅದನ್ನು ಹೆಗಲಿಗೇರಿಸಿದವರೇ ಇನ್ನಷ್ಟು ಹತ್ತಿರ ನುಗ್ಗುವುದನ್ನು ನಾವು ಕಂಡಿದ್ದೇವೆ. ಸಾವಿರಾರು ಮೈಲಿ ಹಾರಿ ಬಂದು ಮರುಪ್ರಯಾಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಯನ್ನು ಒಂದು ಚಿತ್ರಕ್ಕಾಗಿ ಎಬ್ಬಿಸಿ ಹಾರಿಸಿದರೆ, ಅದು ತಿಂದುದರಲ್ಲಿ ಒಂದು ಪಾಲನ್ನು ನಾವು ಕಸಿದುಕೊಂಡಂತೆ. ಗೂಡಿನ ಮೇಲಿರುವ ತಾಯಿಹಕ್ಕಿಯನ್ನು ಎಬ್ಬಿಸಿದರೆ ಮೊಟ್ಟೆ ಮರಿಗಳು ಬಿಸಿಲಿಗೂ ಕಾಗೆಗೂ ಪಾಲಾಗುತ್ತವೆ. ಹಲವು ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವುದು ಇದೇ ಕಾರಣಕ್ಕೆ. ಹತ್ತಿರ ಹೋಗುವುದರ ಬದಲು ಬೇಗ ಹೋಗುವುದು ಮೇಲು. ಎರೆಭೂಮಿಯಲ್ಲಿ ಬಿಸಿಲೇರುತ್ತಿದ್ದಂತೆ ನೆಲದಿಂದ ಬಿಸಿಗಾಳಿ ಎದ್ದು ದೂರದ ನೋಟವೆಲ್ಲ ಕುದಿಯುವ ನೀರಿನಂತೆ ಅಲುಗುತ್ತದೆ. ಆಗ ಎಷ್ಟೇ ಬೆಲೆಯ ಲೆನ್ಸಿನಲ್ಲಿಯೂ ಚಿತ್ರ ಮಸುಕೇ. ಲೆನ್ಸ್ ಕೆಟ್ಟಿದೆಯೆಂದು ತಿಳಿದು ಅದನ್ನು ಮಾರಿದವರೊಡನೆ ಜಗಳಕ್ಕೆ ನಿಂತವರೂ ಉಂಟು! ಪರೀಕ್ಷೆಯ ಚಿತ್ರಗಳನ್ನು ಕೂಡ ಮುಂಜಾನೆಯ ತಂಪಿನಲ್ಲಿಯೇ ತೆಗೆಯತಕ್ಕದ್ದು.

ಕೊಂಡು ತಂದ ಲೆನ್ಸನ್ನು ಮಳೆಗಾಲದಲ್ಲಿ ಕಾಪಾಡುವ ಬಗೆಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಮಲೆನಾಡು, ಕರಾವಳಿಯ ಮನೆಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ವಿದ್ಯುತ್ತಿನಿಂದ ನಡೆಯುವ ಒಣ ಪೆಟ್ಟಿಗೆ ಕೊಳ್ಳುವ ಶಕ್ತಿಯಿದ್ದರೆ ಒಳ್ಳೆಯದು. ಇಲ್ಲವಾದರೆ ಗಾಳಿಯಾಡದ ಮುಚ್ಚಳದ, ದೊಡ್ಡ ಪ್ಲಾಸ್ಟಿಕ್ ಡಬ್ಬಿಯೇ ಸಾಕು. ಒಳಗೆ ಸಿಲಿಕಾ ಜೆಲ್ ಹರಳುಗಳ ಚೀಲ ಮತ್ತು ತೇವಾಂಶ ತೋರಿಸುವ ಚಿಕ್ಕ ಮಾಪಕವೊಂದನ್ನು ಇಡಬೇಕು. ಮಾಪಕದ ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಲ್ಲಬೇಕು. 60 ದಾಟಿದರೆ ಹರಳುಗಳನ್ನು ಬದಲಾಯಿಸಬೇಕು. ನೀಲಿಯ ಹರಳುಗಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತವೆ. ಆ ನೀಲಿ ಬಣ್ಣವು ಕೋಬಾಲ್ಟಿನ ಲವಣದ್ದಾಗಿರುವುದರಿಂದ ಅಡುಗೆಯ ಬಾಣಲೆಯಲ್ಲಿ ಹುರಿಯಕೂಡದು. ಬೇರೆಯದೇ ಪಾತ್ರೆಯೊಂದನ್ನು ಅದಕ್ಕೆಂದು ತೆಗೆದಿಟ್ಟು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ಮಳೆ ಹೊಳವಾದ ದಿನಗಳಲ್ಲಿ ಲೆನ್ಸನ್ನು ಹೊರತೆಗೆದು, ಎರಡೂ ಮುಚ್ಚಳ ತೆರೆದು, ಗಾಳಿ ಬೆಳಕು ಚೆನ್ನಾಗಿರುವ ಪಡಸಾಲೆಯಲ್ಲಿ ಅರ್ಧ ತಾಸು ಇಟ್ಟು, ಹಿತ್ತಲಿಗೆ ಬರುವ ಸೂರಕ್ಕಿಯದೋ ಗುಬ್ಬಿಯದೋ ನಾಲ್ಕು ಚಿತ್ರ ತೆಗೆದು ಮತ್ತೆ ಡಬ್ಬಿಯಲ್ಲಿಡಬಹುದು. ಹೆಬ್ಬಾತುಗಳು ಮಾಗಡಿಗೆ ಬರುವುದು ನವೆಂಬರ್ ಸುಮಾರಿಗೆ; ಮಾರ್ಚಿನ ಹೊತ್ತಿಗೆ ಮರಳುತ್ತವೆ. ಹೊಸ ಲೆನ್ಸಿಗೆ ಕೈ ಪಳಗಿಸಿಕೊಳ್ಳಲು ಅಲ್ಲಿಯವರೆಗೆ ಹಿತ್ತಲಿನ ಹಕ್ಕಿಗಳೇ ಸಾಕು.